ಟಿಕೆಟ್ ಉಚಿತ, ಮೆಟ್ಟಿಲು ಎತ್ತರ

ಅಂಕೋಲಾದಲ್ಲಿರುವ ನನ್ನ ಅಜ್ಜಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಖುಷಿಪಟ್ಟವರಲ್ಲಿ ಅವರೂ ಒಬ್ಬರು. ಆದರೆ ಮಂಡಿನೋವು ಹೆಚ್ಚಾದ ಮೇಲೆ ಬಸ್ಸಿನ ಮೊದಲ ಮೆಟ್ಟಿಲಿಗೇ ಕಾಲು ಏಳುವುದಿಲ್ಲ. ‘ಟಿಕೆಟ್ ಪುಕ್ಕಟೆ ಆಯ್ತು ಮಗಾ, ಕಾಲು ಯಾರು ಕೊಡ್ತಾರೆ?’ ಎಂದು ನಗುತ್ತಾರೆ. ಅಲೆಯ ಸದ್ದು ಕೇಳಿ ಬೆಳೆದವರು ಸಮುದ್ರ ನೋಡಿ ವರ್ಷಗಳಾದವು.

ಇದೇ ಸಮಸ್ಯೆಗೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2012ರಲ್ಲಿ ಓಲೆ ಕಾಸೊ ಎಂಬುವರು ಸರಳ ದಾರಿ ಹುಡುಕಿದರು. ಮೂರು ಚಕ್ರದ ಸೈಕಲ್‌ನಲ್ಲಿ ವೃದ್ಧಾಶ್ರಮದ ಹಿರಿಯರನ್ನು ಊರು ಸುತ್ತಿಸಿದರು. ‘ಸೈಕ್ಲಿಂಗ್ ವಿದೌಟ್ ಏಜ್’ ಎಂಬ ಹೆಸರಿನ ಈ ಕೆಲಸ ಈಗ ಹಲವು ದೇಶಗಳಲ್ಲಿದೆ. ತುಳಿಯುವವರು ಸ್ವಯಂಸೇವಕರು, ಸವಾರಿಗೆ ಹಣವಿಲ್ಲ. ಪ್ರಯಾಣಿಕರ ಆಸನ ಮುಂದಿದ್ದು, ತುಳಿಯುವವರು ಹಿಂದಿರುವುದರಿಂದ ಹಿರಿಯರ ಕಣ್ಣೆದುರು ದಾರಿ ಪೂರ್ತಿ ತೆರೆದಿರುತ್ತದೆ.

ಕಾರವಾರದಲ್ಲಿ ಇದು ಸಾಧ್ಯವೇ? ನಾನೇ ಲೆಕ್ಕ ಹಾಕಿದೆ. ಗಾಡಿ 110 ಕೆ.ಜಿ., ಇಬ್ಬರು ಹಿರಿಯರು 110, ತುಳಿಯುವವರು 60 ಎಂದುಕೊಂಡರೆ ಒಟ್ಟು 280 ಕೆ.ಜಿ. ನೂರು ಮೀಟರಿಗೆ ಮೂರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 6 ಕಿ.ಮೀ. ಹೋಗಲು ಸುಮಾರು 180 ವ್ಯಾಟ್ ಶಕ್ತಿ ಬೇಕು. ಅಭ್ಯಾಸವಿಲ್ಲದವರು ಹೆಚ್ಚು ಹೊತ್ತು ತುಳಿದು ಕೊಡಬಲ್ಲದ್ದು ಅದರ ಅರ್ಧದಷ್ಟು. ಹಾಗಾಗಿ ಚಿಕ್ಕ ಮೋಟಾರ್, ಅದಕ್ಕಿಂತ ಮುಖ್ಯವಾಗಿ ಇಳಿಜಾರಿನಲ್ಲಿ ಕೈಕೊಡದ ಬ್ರೇಕ್ ಬೇಕು. ಗಾಲಿಕುರ್ಚಿಯವರಿಗೆ ಇಳಿಜಾರು ಹಲಗೆಯೂ ಬೇಕು. ಇವು ನಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೀರಿದ ವಿಷಯಗಳಲ್ಲ.

ತುಳಿಯುವವರೂ ಸಿಗುತ್ತಾರೆ. ವಿಟಿಯು ವಿದ್ಯಾರ್ಥಿಗಳು ಪದವಿಗೆ ಮುನ್ನ 100 ಎಐಸಿಟಿಇ ಚಟುವಟಿಕೆ ಅಂಕ ಗಳಿಸಬೇಕು. ಫೋಟೊ ತೆಗೆಸಿಕೊಂಡು ಮುಗಿಸುವ ಶಿಬಿರಕ್ಕಿಂತ ಭಾನುವಾರ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಇಬ್ಬರು ಹಿರಿಯರನ್ನು ಸುತ್ತಿಸುವುದು ಮೇಲು.

ತೊಡಕುಗಳೂ ಇವೆ. ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳ ನಡುವೆ ಈ ಗಾಡಿ ಇಳಿಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಪರೀಕ್ಷೆ ಬಂದಾಗ ನಾವು ಮಾಯವಾಗುತ್ತೇವೆ. ಆದ್ದರಿಂದ ನಿವೃತ್ತರು, ಕೆಲಸ ಹುಡುಕುತ್ತಿರುವವರೂ ಜೊತೆಗಿರಬೇಕು.

ಇನ್ನೊಂದು ಎಚ್ಚರವೂ ಬೇಕು. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅವರು ಏರಿ ಇಳಿಯಬಲ್ಲ ಸಾರಿಗೆ ಒದಗಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಕ್ಕೆ ಹೊರಿಸಿದ ಕರ್ತವ್ಯ. ಆಸ್ಪತ್ರೆಗೆ, ಬ್ಯಾಂಕಿಗೆ, ಕೆಲಸಕ್ಕೆ ಹೋಗಲು ಯಾರೂ ಸ್ವಯಂಸೇವಕರ ಬಿಡುವು ಕಾಯಬಾರದು. ತಗ್ಗಿನ ಮೆಟ್ಟಿಲಿನ ಬಸ್ಸನ್ನು ಕೇಳುತ್ತಲೇ ಇರೋಣ. ಅದು ಬರುವವರೆಗೆ ಅಜ್ಜಿಯ ಭಾನುವಾರದ ಸಂಜೆಗಳು ಕಾಯುವುದಿಲ್ಲವಲ್ಲ. ಮೊದಲು ಒಂದೇ ಒಂದು ಗಾಡಿ ಮಾಡಿ ನೋಡೋಣ, ಬರುತ್ತೀರಾ?