ಪಿಕಪ್ ಕೆಟ್ಟರೆ ಓನರ್ರೇ ಕಳ್ಳನಾ?

ಪಿಕಪ್ ಗಾಡಿ ಕೆಟ್ಟು ನಿಂತಿತು ಅಂದ್ರೆ ನಮ್ಮ ಜನರ ಬಾಯಲ್ಲಿ ತೀರ್ಪು ರೆಡಿ ಇರುತ್ತೆ. “ಓವರ್‌ಲೋಡ್ ಹೊಡೆದಿರ್ತಾನೆ ಬಿಡ್ರಿ.” ಸರ್ವೀಸ್ ಸೆಂಟರಿನವರದ್ದು ಇದೇ ಮಾತು, ಸಾಲ ಕೊಟ್ಟ ಫೈನಾನ್ಸಿನವರದ್ದೂ ಇದೇ ಮಾತು. ಕಾರಲ್ಲಿ ಓಡಾಡೋ ನಮ್ಮಂಥ ಬ್ಲಾಗಿಗರದ್ದೂ ಇದೇ! ಕೇಳಿ ಕೇಳಿ ಸಾಕಾಗಿ ಈ ಪೋಸ್ಟ್ ಕುಟ್ತಾ ಇದ್ದೀನಿ. ಸ್ವಲ್ಪ ಗ್ರೀಸ್ ವಾಸನೆ ಬರುತ್ತೆ, ಸಹಿಸಿಕೊಳ್ಳಿ :-)

ನಮ್ಮ ಕೋಲಾರದ ಕಡೆ ಪಿಕಪ್ ಇಲ್ಲದೆ ಟೊಮ್ಯಾಟೊ ತೋಟದಿಂದ ಮಾರ್ಕೆಟ್ಟಿಗೆ ಬರಲ್ಲ. ನಮ್ಮ ಭಾವನವರದ್ದೂ ಒಂದು ಗಾಡಿ ಇದೆ, ಕಂತು ಇನ್ನೂ ಮುಗಿದಿಲ್ಲ. ಅವರ ಜೊತೆ ಗ್ಯಾರೇಜುಗಳಲ್ಲಿ ಕೂತು ಬೇರೆ ಓನರುಗಳ ಗೋಳನ್ನೂ ಸಾಕಷ್ಟು ಕೇಳಿದ್ದೀನಿ. ಆ ದೂರುಗಳನ್ನ ಎರಡು ಗುಂಪು ಮಾಡಬಹುದು.

ಮೊದಲನೇದು ಹಳೇ ಕಾಯಿಲೆಗಳು. ಕಮಾನ್ ಪ್ಲೇಟ್ ಮುರಿಯೋದು, ಕ್ಲಚ್ ಪ್ಲೇಟ್ ಸುಡೋದು, ವೀಲ್ ಬೇರಿಂಗ್ ಕಿರುಚೋದು, ಹಿಂದಿನ ಟೈರ್ ಬೇಗ ಸವೆಯೋದು. ಇಲ್ಲಿ ಓವರ್‌ಲೋಡ್ ಪಾಲು ಇದೆ, ನಾನು ಇಲ್ಲ ಅನ್ನಲ್ಲ. ಲೆಕ್ಕ ಸುಲಭ. ಒಂದು ಟೊಮ್ಯಾಟೊ ಬಾಕ್ಸು 15 ಕೆಜಿ ಅಂತ ಇಟ್ಕೊಳ್ಳಿ, 100 ಬಾಕ್ಸಿಗೆ ಒಂದೂವರೆ ಟನ್ ಆಯ್ತು. ಒಂದೂವರೆ ಟನ್ ಗಾಡಿಗೆ 150 ಬಾಕ್ಸ್ ಏರಿಸಿದ್ರೆ ಎರಡೂಕಾಲು ಟನ್. ಕಮಾನು ಮುರೀದೆ ಇನ್ನೇನಾಗುತ್ತೆ?

ಆದ್ರೆ ಒಂದು ಮಾತು ಕೇಳ್ತೀನಿ. ಗಾಡಿ ಮಾರುವಾಗ “ಎರಡು ಟನ್ ಮೇಲೆ ಹಾಕಿದ್ರೂ ಜಗ್ಗಲ್ಲ ಸಾರ್” ಅಂತ ನಮ್ಮ ಭಾವನಿಗೆ ಹೇಳಿದ್ದು ಶೋರೂಮಿನವರೇ. ವಾರಂಟಿ ಕೇಳೋಕೆ ಹೋದಾಗ ಅದೇ ಶೋರೂಮಿನಲ್ಲಿ “ಲೋಡ್ ಜಾಸ್ತಿ ಹಾಕಿದ್ದೀರಿ, ವಾರಂಟಿ ಬರಲ್ಲ” ಅಂದ್ರು. ಮಾರೋವಾಗ ಒಂದು ನಾಲಿಗೆ, ರಿಪೇರಿಗೆ ಇನ್ನೊಂದು ನಾಲಿಗೆ!

ಎರಡನೇ ಗುಂಪು ಹೊಸ ಕಾಯಿಲೆಗಳದ್ದು. ನನ್ನ ಜಗಳ ಇರೋದು ಇಲ್ಲಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಬಂತು. ನಾಲ್ಕರಿಂದ ಐದನ್ನ ಹಾರಿ ನೇರ ಆರಕ್ಕೆ. ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಜರಡಿ ಬಂತು. ಹೊಗೆಯಲ್ಲಿರೋ ಮಸಿಯನ್ನ ಹಿಡಿದಿಟ್ಟುಕೊಂಡು ಆಮೇಲೆ ಸುಟ್ಟುಹಾಕೋದು ಅದರ ಕೆಲಸ. ಹಾಗೆ ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬರಬೇಕಾದ್ರೆ ಗಾಡಿ ಹೈವೇಲಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು.

ನಮ್ಮ ಪಿಕಪ್ ಎಲ್ಲಿ ಓಡುತ್ತೆ? ತೋಟದಿಂದ ಮಾರ್ಕೆಟ್ಟಿಗೆ ಹತ್ತು-ಹನ್ನೆರಡು ಕಿಲೋಮೀಟರು. ಅಲ್ಲಿ ಕ್ಯೂನಲ್ಲಿ ಎಂಜಿನ್ ಆನ್ ಇಟ್ಟು ಇಂಚಿಂಚೇ ಮುಂದಕ್ಕೆ. ವಾಪಸ್ ಬರುವಾಗ ಖಾಲಿ ಗಾಡಿ, ಹಳ್ಳದ ರಸ್ತೆ. ಜರಡಿ ಬಿಸಿಯೇ ಆಗಲ್ಲ, ಮಸಿ ಕಟ್ಟುತ್ತೆ. ಡ್ಯಾಶ್‌ಬೋರ್ಡಲ್ಲಿ ಒಂದು ದೀಪ ಹತ್ತುತ್ತೆ. ಆ ದೀಪ ಹೇಳ್ತಾ ಇರೋದು “ನನ್ನನ್ನ ಸ್ವಲ್ಪ ಓಡಿಸಪ್ಪಾ” ಅಂತ. ಡ್ರೈವರಣ್ಣ ಏನೋ ಕೆಟ್ಟಿತು ಅಂತ ಹೆದರಿ ಎಂಜಿನ್ ಆಫ್ ಮಾಡ್ತಾನೆ. ಹೀಗೆ ನಾಲ್ಕು ಸಲ ಆದ್ರೆ ಗಾಡಿ ತಾನಾಗೇ ಪವರ್ ಕಡಿಮೆ ಮಾಡಿಕೊಳ್ಳುತ್ತೆ, ಲೋಡ್ ಇಟ್ಕೊಂಡು ದಿಬ್ಬ ಏರಲ್ಲ. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರೋದೂ ಉಂಟು.

ಇಲ್ಲಿ ಓವರ್‌ಲೋಡ್ ಎಲ್ಲಿ ಬಂತು ಹೇಳಿ? ಲೋಡ್ ಇದ್ರೆ ಸೈಲೆನ್ಸರ್ ಬಿಸಿಯಾದ್ರೂ ಏರುತ್ತೆ. ಜರಡಿಗೆ ಕಷ್ಟ ಕೊಡೋದು ಖಾಲಿ ಗಾಡಿಯ ನಿಧಾನದ ಓಟ, ಕ್ಯೂನಲ್ಲಿ ಕಾಯೋದು. ಅಂದ್ರೆ ಪಿಕಪ್ಪಿನ ದಿನನಿತ್ಯದ ಬದುಕೇ!

ಸರಿ, ರಿಪೇರಿ ಮಾಡಿಸೋಣ ಅಂದ್ರೆ? ನಮ್ಮೂರ ಮೆಕ್ಯಾನಿಕ್ ದಡ್ಡ ಅಲ್ಲ. ಸಣ್ಣ ಸ್ಕ್ಯಾನರ್ ತಗೊಂಡು ಮೊಬೈಲಿಗೆ ಜೋಡಿಸಿ ‘ಪಿ2463’ ಅಂತ ಕೋಡ್ ಓದಿ “ಮಸಿ ಕಟ್ಟಿದೆ ಅಣ್ಣಾ” ಅಂತಾನೆ. ಮುಂದಕ್ಕೆ? ನಿಂತಲ್ಲೇ ಮಸಿ ಸುಡಿಸೋ ಆಜ್ಞೆ ಕೊಡೋಕೆ, ಹೊಸ ಇಂಜೆಕ್ಟರ್ ಹಾಕಿದ್ರೆ ಅದರ ನಂಬರನ್ನ ಗಾಡಿಗೆ ಪರಿಚಯ ಮಾಡಿಸೋಕೆ ಕಂಪನಿಯ ಸಾಫ್ಟ್‌ವೇರೇ ಬೇಕು. ಅದು ಅವನ ಕೈಗೆ ಸಿಗಲ್ಲ. ಗಾಡಿ ಟೋಚನ್ ಮಾಡಿಸಿ ಸಿಟಿಗೆ ಒಯ್ಯಬೇಕು, ಅಲ್ಲಿ ಸರದಿ ಕಾಯಬೇಕು. ಕಂತು ಕಾಯಲ್ಲ, ಟೊಮ್ಯಾಟೊ ಮೊದಲೇ ಕಾಯಲ್ಲ. ನಮ್ಮ ಭಾವನಿಗೆ ಅಂಥ ಮೂರು ದಿನದ ಬಾಡಿಗೆ ಹೋಯ್ತು. ಬಿಲ್ಲು ಬೇರೆ.

ಇದಕ್ಕೆ ಕೆಲವರು ಹೇಳೋ ಮದ್ದು “ಆ ಜರಡೀನೇ ಕತ್ತರಿಸಿ ಬಿಸಾಕಿ, ಪ್ರೋಗ್ರಾಂ ಬದಲಾಯಿಸಿ”. ಇದನ್ನ ನಾನು ಒಪ್ಪಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಸಾರಿದೆ. ಮಾರ್ಕೆಟ್ ಯಾರ್ಡಿನಲ್ಲಿ ಆ ಹೊಗೆ ಕುಡಿಯೋರು ಯಾರು? ಹಮಾಲಿಗಳು, ಗಾಡಿ ಪಕ್ಕ ಮಲಗೋ ಡ್ರೈವರುಗಳು. ಜರಡಿ ಬೇಕು. ಆದ್ರೆ ಅದರ ಬೀಗದ ಕೈ ಒಬ್ಬರ ಜೇಬಿನಲ್ಲೇ ಇರಬಾರದು.

ಇದೇನು ನಾನು ಕಂಡುಹಿಡಿದ ಹೊಸ ವಾದ ಅಲ್ಲ. ಬಿಡಿಭಾಗ, ತಪಾಸಣೆ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಕೊಡ್ತಿಲ್ಲ ಅಂತ ನಮ್ಮ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿಗೂ ಮೀರಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಓಡಿದವು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಜನ ಓಟು ಹಾಕಿಯೇ ವಾಹನ ರಿಪೇರಿ ಹಕ್ಕನ್ನ ಪಡೆದ್ರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿ ಪೋರ್ಟಲ್ ತೆರೀತು, ವಾಹನಗಳನ್ನೂ ಅದರಲ್ಲಿ ಸೇರಿಸ್ತು. ಒಳ್ಳೇದೇ. ಆದ್ರೆ ಪೋರ್ಟಲ್ಲಿನಿಂದ ದಿಬ್ಬದ ಮೇಲೆ ನಿಂತ ಗಾಡಿ ಹೊರಡಲ್ಲ.

ನಾನು ಕೇಳೋದು ಇಷ್ಟೇ:

1. ದೀಪ ಹತ್ತಿದ್ರೆ ಏನು ಮಾಡಬೇಕು ಅನ್ನೋದು ಕನ್ನಡದಲ್ಲಿ ಇರಲಿ. ಭಾವನ ಗಾಡಿಯ ಜೊತೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷು. ಓಡಿಸೋನಿಗೆ ಓದೋಕಾಗದ ಪುಸ್ತಕ ಯಾರಿಗೆ?
2. ಮಸಿ ಸುಡಿಸೋ ಸಾಫ್ಟ್‌ವೇರು ನ್ಯಾಯವಾದ ಬೆಲೆಗೆ ಊರ ಮೆಕ್ಯಾನಿಕ್ಕಿಗೂ ಸಿಗಲಿ, ಜೊತೆಗೆ ಎರಡು ದಿನ ತರಬೇತಿ ಕೊಡಲಿ.
3. ಎಷ್ಟು ಭಾರ ಹಾಕಬಹುದು ಅನ್ನೋದನ್ನ ಶೋರೂಮಿನವರು ಮಾರೋ ದಿನವೇ ಬರೆದು ಸಹಿ ಹಾಕಿ ಕೊಡಲಿ.
4. ಓವರ್‌ಲೋಡ್ ಅಂತ ವಾರಂಟಿ ನಿರಾಕರಿಸೋರು ಕೆಟ್ಟ ಭಾಗಕ್ಕೂ ಲೋಡಿಗೂ ಏನು ಸಂಬಂಧ ಅಂತ ಬರವಣಿಗೆಯಲ್ಲಿ ತೋರಿಸಲಿ.

ಇದರಲ್ಲಿ ಯಾವುದು ಅತಿಯಾಸೆ ಹೇಳಿ? ನಿಮ್ಮ ಊರ ಕಡೆ ಪಿಕಪ್ ಇಟ್ಟವರ ಕಥೆ ಏನು, ಅಡಿಕೆ ಸೀಮೆಯವರು, ಮೀನು ಸಾಗಿಸೋ ಕರಾವಳಿಯವರು ಬರೀರಿ. “ಎಲ್ಲಾ ಓವರ್‌ಲೋಡಿಂದಾನೇ” ಅನ್ನೋರೂ ಬನ್ನಿ, ಜಗಳ ಆಡೋಣ. ಆದ್ರೆ ಮೊದಲು ಒಂದು ದಿನ ಮಾರ್ಕೆಟ್ ಕ್ಯೂನಲ್ಲಿ ಪಿಕಪ್ಪಿನೊಳಗೆ ಕೂತು ಬನ್ನಿ!