ಏಕನಾಡಿಯ ಓದುಗರು

ನಮ್ಮ ಒಂಟಿಕೊಪ್ಪಲಿನ ಹೆಸರು ನಾಡಿನ ಮನೆಮನೆಗೆ ಮುಟ್ಟಿರುವುದು ಪಂಚಾಂಗದಿಂದ. ಕುವೆಂಪು ಅವರ ‘ಉದಯರವಿ’ ಇರುವ ಬಡಾವಣೆ ಇದು ಎಂಬುದು ಆಮೇಲಿನ ಮಾತು. ಪರಊರಿನ ನೆಂಟರಿಗೆ ವಿಳಾಸ ಹೇಳಿ ನೋಡಿ, “ಪಂಚಾಂಗದ ಒಂಟಿಕೊಪ್ಪಲೇನು?” ಎಂದೇ ಮೊದಲು ಕೇಳುತ್ತಾರೆ. ಇಂಥ ಊರಲ್ಲಿ ಈಗ ಹೊಸ ಬಗೆಯ ಸಾಲಾವಳಿಯೊಂದು ಹುಟ್ಟಿಕೊಂಡಿದೆ. ಇದರಲ್ಲಿ ಕೂಡಿಸುವುದು ಹೆಣ್ಣುಗಂಡುಗಳ ಜಾತಕವನ್ನಲ್ಲ. ಕಥೆ ಬರೆಯುವವರನ್ನೂ, ಆ ಕಥೆ ಹೊರಗೆ ಹೋಗುವ ಮುನ್ನ ಓದಿ ತಪ್ಪುಒಪ್ಪು ಹೇಳುವವರನ್ನೂ.

ನಾಲ್ಕಾರು ಮಂದಿ ಕಾಲೇಜು ಹುಡುಗ ಹುಡುಗಿಯರು ಚೆಲುವಾಂಬ ಪಾರ್ಕಿನಲ್ಲಿ ಭಾನುವಾರ ಸೇರಿ ನಡೆಸುವ ವ್ಯವಹಾರ ಇದು. ಉದ್ದೇಶ ಒಳ್ಳೆಯದು, ಅದರಲ್ಲಿ ನನಗೆ ತಕರಾರಿಲ್ಲ. ಅವರ ಹತ್ತಿರ ಒಂದು ನಮೂನೆಯ ಹಾಳೆ ಉಂಟು. ನಿಮ್ಮ ವಯಸ್ಸೆಷ್ಟು, ಮೆಚ್ಚಿನ ಲೇಖಕರು ಯಾರು, ಮೆಚ್ಚಿನ ಪಾತ್ರ ಯಾವುದು, ದುಃಖಾಂತ ಇಷ್ಟವೋ ಸುಖಾಂತವೋ, ನಿಮ್ಮ ಬರಹವನ್ನು ಎಷ್ಟು ಕಟುವಾಗಿ ಟೀಕಿಸಬಹುದು ಎಂದೆಲ್ಲ ಅದರಲ್ಲಿ ಕೇಳಿದ್ದಾರೆ. ಯಾರ ಯಾರ ಉತ್ತರ ಹೆಚ್ಚು ಹೊಂದುತ್ತದೋ ಅವರಿಬ್ಬರನ್ನು ಜೋಡಿ ಮಾಡುತ್ತಾರೆ. ಹೀಗೆ ಓದುವವರಿಗೆ ಬೀಟಾ ರೀಡರ್ ಎಂದು ಹೆಸರು. ಬರೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ತಾವು ಮೆಚ್ಚಿದ ಕೃತಿಯ ಪಾತ್ರಗಳನ್ನು ಎತ್ತಿಕೊಂಡು, ಆ ಕೃತಿ ಬಿಟ್ಟ ಕಡೆಯಿಂದಲೋ ಬಿಟ್ಟ ಸಂದಿನಲ್ಲೋ ಹೊಸದಾಗಿ ಹೆಣೆಯುವ ಕಥೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯ ಅಭಿಮಾನಿಗಳು ಇಂಥವಕ್ಕೆಂದೇ 1967ರಲ್ಲಿ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ಹೊರಡಿಸಿದರಂತೆ. ನಮ್ಮಲ್ಲಿ ‘ಮಲೆಗಳಲ್ಲಿ ಮದುಮಗಳು’ ಹೊರಬಂದದ್ದೂ ಆ ವರ್ಷವೇ. ಆ ಕಾದಂಬರಿಯ ವಿಷಯ ಮುಂದೆ ಬರುತ್ತದೆ.

ಪರರ ಪಾತ್ರಗಳನ್ನು ಎತ್ತಿಕೊಂಡು ಬರೆಯುವುದು ಕೀಳು ಕೆಲಸ ಎಂದು ಮೂಗು ಮುರಿಯುವ ಹಿರಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರೊಡನೆ ನನ್ನ ವಾದ ಚಿಕ್ಕದು. ಪಂಪ ಮಾಡಿದ್ದೇನು? ವ್ಯಾಸರ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿಸಿದ. ರನ್ನನ ‘ಗದಾಯುದ್ಧ’ದಿಂದ ಬಿ.ಎಂ.ಶ್ರೀಯವರು ನಾಟಕ ತೆಗೆದರು. ಸಾಫೊಕ್ಲಿಸನ ಏಜಾಕ್ಸನ ದುರಂತವನ್ನು ತಂದು ಅಶ್ವತ್ಥಾಮನ ಮೈಮೇಲೆ ಹೊದಿಸಿದರು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ಕುಮಾರವ್ಯಾಸ ಹಾಸ್ಯ ಮಾಡಿದ, ಮಾಡಿ ತಾನು ಭಾರತವನ್ನು ಎತ್ತಿಕೊಂಡ! ಆ ಹಾಸ್ಯಕ್ಕೆ ಹೆದರದೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದರು. ಎರವಲು ಪಾತ್ರ ನಮ್ಮ ಸಾಹಿತ್ಯದ ಹೆದ್ದಾರಿ. ಹುಡುಗರು ಅದರಲ್ಲಿ ನಡೆದರೆ ತಪ್ಪಿಲ್ಲ.

ನನ್ನ ಜಗಳ ಇರುವುದು ಜೋಡಿ ಮಾಡುವ ರೀತಿಯೊಡನೆ. ಪಂಚಾಂಗದ ಊರಿನ ಮಕ್ಕಳಾಗಿ ಇವರು ಪಂಚಾಂಗವನ್ನಾದರೂ ಸರಿಯಾಗಿ ನೋಡಬೇಡವೆ? ಸಾಲಾವಳಿಯ ಮೂವತ್ತಾರು ಗುಣಗಳಲ್ಲಿ ನಾಡಿಕೂಟ ಒಂದಕ್ಕೇ ಎಂಟು. ಆ ಎಂಟು ಸಿಕ್ಕುವುದು ಹೆಣ್ಣುಗಂಡುಗಳ ನಾಡಿ ಬೇರೆ ಬೇರೆಯಾಗಿದ್ದರೆ. ಇಬ್ಬರದೂ ಒಂದೇ ನಾಡಿಯಾದರೆ ಅದು ದೋಷ, ಗುಣ ಸೊನ್ನೆ. ಗೋತ್ರದ ಮಾತೂ ಅಷ್ಟೆ. ಜಾತಕದಲ್ಲಿ ನನಗೆ ನಂಬಿಕೆ ಎಷ್ಟೆಂಬುದು ಇಲ್ಲಿ ಬೇಡ. ಆದರೆ ತೀರ ಒಂದೇ ಬಗೆಯವರನ್ನು ಕೂಡಿಸಬಾರದು ಎಂಬಷ್ಟು ವಿವೇಕವಾದರೂ ಆ ಕೋಷ್ಟಕದಲ್ಲಿ ಇದೆ. ಈ ಹುಡುಗರ ಹಾಳೆಯಲ್ಲಿ ಅದಿಲ್ಲ. ಒಂದೇ ಪಾತ್ರಕ್ಕೆ ಮರುಳಾದ, ಒಂದೇ ವಯಸ್ಸಿನ, ಒಂದೇ ಅಂತ್ಯವನ್ನು ಬಯಸುವ ಇಬ್ಬರನ್ನು ಹುಡುಕಿ ಹುಡುಕಿ ಏಕನಾಡಿಗೆ ಗಂಟು ಹಾಕುತ್ತಾರೆ. ಬೀಟಾ ಎಂಬ ಪದವನ್ನು ತಂದವರು ಅದರ ಹುಟ್ಟನ್ನಾದರೂ ವಿಚಾರಿಸಬಹುದಿತ್ತು. ಅದು ಕಂಪ್ಯೂಟರಿನವರ ಮಾತು. ಮಾಡಿದವರ ಮನೆಯೊಳಗೇ ನಡೆಯುವ ಪರೀಕ್ಷೆ ಆಲ್ಫಾ. ಹೊರಗಿನವರ ಕೈಗೆ ಕೊಟ್ಟು ನೋಡುವುದು ಬೀಟಾ. ಹೊರಗಿನವನಲ್ಲದ ಮೇಲೆ ಅವನೆಂಥ ಬೀಟಾ?

ನಮ್ಮ ಎದುರುಮನೆಯ ಹುಡುಗಿ ಈ ಹಾಳೆ ತುಂಬಿದವಳು. ಇಂಜಿನಿಯರಿಂಗ್ ಓದುತ್ತಾಳೆ, ಆದರೂ ಬೇಸಿಗೆ ರಜೆಯಲ್ಲಿ ‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸಿದಳು. ಓದಿದವರಿಗೆ ನೆನಪಿದ್ದೀತು, ನಾಯಿಗುತ್ತಿಯ ನಾಯಿ ಹುಲಿಯ ಕೊನೆಗೆ ತುಂಬಿದ ತುಂಗೆಯ ಪಾಲಾಗುತ್ತದೆ. ಹುಡುಗಿಗೆ ಇದನ್ನು ತಡೆಯಲಾಗಲಿಲ್ಲ. ಹುಲಿಯ ಬದುಕಿ ಉಳಿದು ಗುತ್ತಿಯನ್ನು ಬಂದು ಸೇರುವಂತೆ ನಲವತ್ತು ಪುಟದ ಕಥೆ ಬರೆದಳು. (ಅಚ್ಚು ಹಾಕಿಸಿ ಮಾರುವ ಯೋಚನೆ ಅವಳಿಗಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಕೃತಿಯ ಹಕ್ಕು 2054ರ ಕೊನೆಯವರೆಗೂ ಉಂಟು ಎಂಬುದು ಅವಳಿಗೆ ಗೊತ್ತು.) ಪಾರ್ಕಿನವರು ಅವಳಿಗೊಬ್ಬ ಓದುಗಳನ್ನು ಕೂಡಿಸಿಕೊಟ್ಟರು. ಅವಳೂ ನಾಯಿ ಸಾಕಿದವಳೇ, ಅವಳೂ ಹುಲಿಯನಿಗಾಗಿ ಅತ್ತವಳೇ. ಕಥೆ ಓದಿ ಇನ್ನೊಂದು ಸಲ ಅತ್ತಳು. ‘ಒಂದಕ್ಷರ ಬದಲಾಯಿಸಬೇಡ’ ಎಂದು ಕೊನೆಯ ಪುಟದಲ್ಲಿ ಬರೆದುಕೊಟ್ಟಳು.

ಆಮೇಲೆ ಆ ಜೆರಾಕ್ಸ್ ಪ್ರತಿ ನನ್ನ ಕೈಗೆ ಬಂತು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಎರಡು ಪುಟ ತಿರುವಿ, “ಚೆನ್ನಾಗಿದೆ ಕಣಮ್ಮ, ಬರೀತಾ ಇರು” ಎಂದು ಹಿಂದಕ್ಕೆ ಕೊಟ್ಟೆ. ಈ ಮಾತು ಹೇಳಲು ಓದುವ ಅಗತ್ಯವಿಲ್ಲವೆಂಬುದು ನನಗೆ ಅನುಭವದಿಂದ ಗೊತ್ತು. ಮೂವತ್ತು ವರ್ಷದಿಂದ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವರಲ್ಲಿ ಬರೆಯುತ್ತಾ ಇದ್ದವರು ಬೆರಳೆಣಿಕೆ. ಒಬ್ಬ ಹುಡುಗನಂತೂ ನನ್ನ ಆ ಮಾತನ್ನೇ ನೆಚ್ಚಿ ಕಥೆಯನ್ನು ಒಂದು ಮಾಸಪತ್ರಿಕೆಗೆ ಕಳಿಸಿದ. ಕಣ್ಣೆದುರಿಗೇ ಇದ್ದ ತಪ್ಪುಗಳ ಸಮೇತ ಅದು ಅಚ್ಚಾಯಿತು. ಮುಂದಿನ ಸಂಚಿಕೆಯಲ್ಲಿ ಓದುಗರು ಅವನನ್ನು ಹಿಂಡಿಹಾಕಿದರು. ಅವನು ಮತ್ತೆ ಪೆನ್ನು ಹಿಡಿದದ್ದನ್ನು ನಾನು ಕಾಣೆ. ಆ ತಪ್ಪುಗಳನ್ನು ನಾನು ಒಂದು ಸಂಜೆ ಕೂತು ತೋರಿಸಬಹುದಾಗಿತ್ತು.

ಈ ಸಲ ಅದೃಷ್ಟ. ಕಾಳಿದಾಸ ರಸ್ತೆಯ ಆಚೆ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರಿದ್ದಾರೆ, ನಿವೃತ್ತ ಮೇಡಂ. ಆ ಕಾದಂಬರಿಯನ್ನು ಎಷ್ಟು ಸಲ ಓದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಫ್ಯಾನ್ ಫಿಕ್ಷನ್ ಎಂದರೆ ಅವರಿಗೆ ಗೊತ್ತಿಲ್ಲ, ಗೊತ್ತಾದ ಮೇಲೆ ಸಿಟ್ಟೇ ಬಂತು. ಹುಡುಗರ ಹಾಳೆಯ ಪ್ರಕಾರ ನೋಡಿದರೆ ಈ ಜೋಡಿಗೆ ಒಂದು ಗುಣವೂ ಕೂಡಿಬರುವುದಿಲ್ಲ. ಹುಡುಗಿಯನ್ನು ಅವರ ಮನೆಗೆ ಕರೆದುಕೊಂಡು ಹೋದವನು ನಾನೇ, ಪ್ರಾಯಶ್ಚಿತ್ತವೆಂದು.

“ಎಂತದೇ ಇದು ಮಾರಾಯ್ತಿ? ಗುತ್ತಿ ತೀರ್ಥಳ್ಳೀಲಿ ಬಸ್ಸು ಹತ್ತಿದ ಅಂತ ಬರ್ದಿದೀಯಲ್ಲ. ಬೈಸಿಕಲ್ಲು ಕಂಡ್ರೇ ಜನ ಬಾಯಿ ಬಿಡ್ತಿದ್ದ ಕಾಲ ಅದು, ಬಸ್ಸು ಎಲ್ಲಿಂದ ಬಂತು?”

ಹುಡುಗಿ ತಲೆ ತಗ್ಗಿಸಿದಳು.

“ಹುಲಿಯ ತೇಲ್ತಾ ಹೋಗಿ ಶೃಂಗೇರಿ ಹತ್ರ ದಡ ಸೇರ್ತಂತೆ. ತುಂಗೆ ಶೃಂಗೇರಿಯಿಂದ ತೀರ್ಥಳ್ಳಿಗೆ ಇಳಿದು ಬರೋದು. ನಿನ್ನ ನಾಯಿ ನೆರೆ ನೀರಿಗೆ ಎದುರಾಗಿ ತೇಲ್ತಾ? ಇನ್ನು ಆ ಗುತ್ತಿಯ ಮಾತು! ಇಲ್ಲೇ ಒಂಟಿಕೊಪ್ಪಲಲ್ಲಿ ಕಾಫಿ ಕುಡಿಯೋ ಹುಡುಗನ ಹಾಗೆ ಮಾತಾಡ್ತಾನೆ. ಹೋಗ್ಲಿ, ಅದೆಲ್ಲ ತಿದ್ದಬಹುದು. ಹುಲಿಯನ್ನ ಬದುಕಿಸಕ್ಕೆ ನಿಂಗೆ ಯಾರು ಹೇಳಿದ್ದು?”

“ಪಾಪ ಅನ್ನಿಸ್ತು ಅಜ್ಜಿ.”

“ಪಾಪ ನಂಗೂ ಅನ್ಸಿದೆ. ನಲವತ್ತು ವರ್ಷದಿಂದ ಅನ್ಸ್ತಾ ಇದೆ. ಅದು ಹೋಯ್ತಲ್ಲ ಅನ್ನೋದಕ್ಕೇ ಈ ಪುಸ್ತಕ ನನ್ನ ಜೊತೆ ಉಳಿದಿರೋದು. ನೀನು ಅದನ್ನ ಸುಮ್ನೆ ವಾಪಸು ತಂದುಕೊಟ್ರೆ ನನ್ನ ಹತ್ರ ಏನು ಉಳೀತೇ?”

ಹುಡುಗಿ ಮನೆಗೆ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಅವಳ ತಾಯಿ ನನ್ನ ಮೇಲೆ ಸಿಟ್ಟಾದರು, “ಅಲ್ಲಾ ಸಾರ್, ಎಳೇ ಮನಸ್ಸು” ಎಂದರು.

ಎಳೆಯ ಮನಸ್ಸಿನ ಈ ವಾದ ಪಾರ್ಕಿನವರದೂ ಹೌದು. ಹೊಸಬರಿಗೆ ಮೊದಲು ಪ್ರೋತ್ಸಾಹ ಬೇಕು, ಕಟುವಾಗಿ ಹೇಳಿದರೆ ಚಿಗುರು ಮುರುಟುತ್ತದೆ ಎನ್ನುತ್ತಾರೆ. ನಾನು ಕೇಳುವುದು ಇಷ್ಟೆ. 1924ರಲ್ಲಿ ಇದೇ ಮೈಸೂರಿನಲ್ಲಿ ಇಪ್ಪತ್ತು ತುಂಬದ ಪುಟ್ಟಪ್ಪ ಎಂಬ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದ. ಕಸಿನ್ಸ್ “ಬರೀತಾ ಇರು” ಎಂದು ಬೆನ್ನು ತಟ್ಟಿ ಕಳಿಸಿದ್ದರೆ ಹುಡುಗನಿಗೆ ಆ ದಿನ ಸಂತೋಷವಾಗುತ್ತಿತ್ತು. ಅವರು ನಿನ್ನ ತಾಯಿನುಡಿಯಲ್ಲಿ ಬರೆ ಎಂದರು. ಅವರಿಗೆ ಕನ್ನಡ ಬಾರದು, ಹುಡುಗನ ಪರಿಚಯವಿಲ್ಲ, ಅವನ ಊರು ಕೇರಿ ಗೊತ್ತಿಲ್ಲ. ಇದಕ್ಕಿಂತ ಭಿನ್ನನಾಡಿ ಇನ್ನೆಲ್ಲಿ ಸಿಕ್ಕೀತು?

ಪಕ್ಕದ ಯಾದವಗಿರಿಯಲ್ಲಿ ಮನೆ ಕಟ್ಟಿಸಿದ ಆರ್.ಕೆ.ನಾರಾಯಣ್ ಅವರ ಕಥೆಯನ್ನೂ ನೋಡಿ. ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದಾಗ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಎಂದು ಅವರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ ಬರೆದರು. ಪೂರ್ಣ ಹಾಗೆ ಮಾಡಲಿಲ್ಲ. ತಾನು ಗೆಳೆಯ, ತನ್ನ ಮೆಚ್ಚುಗೆಗೆ ಬೆಲೆ ಕಮ್ಮಿ ಎಂಬ ತಿಳಿವಳಿಕೆ ಅವರಿಗಿದ್ದಿರಬೇಕು; ಗ್ರಹಾಂ ಗ್ರೀನ್ ಎಂಬ ಅಪರಿಚಿತನ ಕೈಗೆ ಒಯ್ದು ಕೊಟ್ಟರು. ಮಾಲ್ಗುಡಿಯಂಥ ಊರನ್ನು ಕಂಡರಿಯದ ಆ ಆಂಗ್ಲ ಕಾದಂಬರಿಕಾರ ಓದಿದರು, ಪ್ರಕಾಶಕರನ್ನು ಹಿಡಿದುಕೊಟ್ಟರು, ಪುಸ್ತಕದ ಹೆಸರು ಬದಲಾಯಿಸಿಸಿದರು, ಲೇಖಕನ ಉದ್ದದ ಹೆಸರನ್ನೂ ಕತ್ತರಿಸಿಸಿದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹೊರಬಂತು. ಗೆಳೆಯನ ಕೆಲಸ ಒಳ್ಳೆಯ ಓದುಗನ ಬಳಿಗೆ ಒಯ್ಯುವುದು. ಓದುಗನ ಜಾಗದಲ್ಲಿ ತಾನೇ ಕೂತರೆ ಕೆಟ್ಟಿತು.

ಸಾವಿರ ವರ್ಷಕ್ಕೂ ಹಿಂದೆ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಓದುಗರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಏನು ಕೊಟ್ಟರೂ ರುಚಿಸದ ಅರೋಚಕಿ. ಅನ್ನದ ಜೊತೆ ಹುಲ್ಲನ್ನೂ ನುಂಗುವ ಸತೃಣಾಭ್ಯವಹಾರಿ. ಗುಣ ಕಂಡರೂ ಬಾಯಿ ಬಿಡದ ಮತ್ಸರಿ. ನಿಜವನ್ನೇ ಹಿಡಿದು ಕೂತ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರಕ್ಕೊಬ್ಬ ಎಂದೂ ಹೇಳಿದ. ಪಾರ್ಕಿನ ಹಾಳೆ ಎರಡನೆಯ ಬಗೆಯವರನ್ನು ಮಾತ್ರ ಹೆಕ್ಕಿಕೊಡುವ ಯಂತ್ರ. ಆ ಹುಡುಗರನ್ನು ಬೈದು ಪ್ರಯೋಜನವೇನು, ಹಿರಿಯರಾದ ನಾವು ಅವರಿಗೆ ತೋರಿಸಿಕೊಟ್ಟದ್ದೂ ಅದೇ. ಪುಸ್ತಕ ಪೂರ್ತಿ ಕಟ್ಟಿ ಮುಗಿದ ಮೇಲೆ ದೊಡ್ಡವರೊಬ್ಬರ ಮನೆ ಬಾಗಿಲಿಗೆ ಹಣ್ಣು ಹಿಡಿದು ಹೋಗಿ ಮುನ್ನುಡಿ ಕೇಳುತ್ತೇವೆ. ಆ ಹೊತ್ತಿಗೆ ಅವರು ತಪ್ಪು ಕಂಡರೂ ತಿದ್ದುವ ಹಾಗಿಲ್ಲ, ಹರಸಬೇಕು ಅಷ್ಟೆ. ಮುನ್ನುಡಿಗೆ ನೂರು ಜನ ಸಿಗುವ ಈ ನಾಡಿನಲ್ಲಿ ಹಸ್ತಪ್ರತಿಗೆ ಒಬ್ಬ ಸಿಗುವುದಿಲ್ಲ.

ಮೂಲಕೃತಿಗೆ ನಿಷ್ಠೆಯುಳ್ಳವನನ್ನು ಓದುಗನಾಗಿ ಮಾಡಿದರೆ ಅವನು ಹೊಸತೆಲ್ಲವನ್ನೂ ಹೊಸಕಿಬಿಡುವುದಿಲ್ಲವೆ, ಎಂದು ಪಾರ್ಕಿನವರಲ್ಲೊಬ್ಬ ನನ್ನನ್ನು ಕೇಳಿದ. ಜಾಣ ಪ್ರಶ್ನೆ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದು ಶಂಬೂಕನ ಕಥೆಯನ್ನು ತಿರುಗಿಸಿದಾಗ ಮಾಸ್ತಿಯವರು ಒಪ್ಪಲಿಲ್ಲ, ಹಳೆಯ ಕಥೆಯನ್ನು ಹಾಗೆ ಮಾರ್ಪಡಿಸಬಾರದೆಂದರು. ಕುವೆಂಪು ಉತ್ತರ ಕೊಟ್ಟರು, ಮಣಿಯಲಿಲ್ಲ. ಈ ವಿಷಯದಲ್ಲಿ ನಾನು ಕುವೆಂಪು ಕಡೆ. ಆದರೆ ಮಾಸ್ತಿಯವರ ಪ್ರಶ್ನೆ ಎದುರಿಗೆ ನಿಂತದ್ದರಿಂದಲೇ ತಾನು ಏಕೆ ತಿರುಗಿಸಿದೆನೆಂದು ಕವಿ ಬಾಯಿಬಿಟ್ಟು ಹೇಳಬೇಕಾಯಿತು. ಓದುಗ ಹೇಳಿದಂತೆ ಕೇಳಲೇಬೇಕೆಂದು ಯಾರೂ ಕಟ್ಟು ಹಾಕಿಲ್ಲ. ಉತ್ತರ ಹುಡುಕಲೇಬೇಕಾದ ಪ್ರಶ್ನೆ ಒಂದು ಸಿಕ್ಕಿದರೆ ಸಾಕು. ಅದು ಅಚ್ಚಿಗೆ ಮುಂಚೆಯೇ ಸಿಕ್ಕಿದರೆ ಇನ್ನೂ ಲೇಸು. ಜೊತೆಗೇ ಕೂತು ಅಳುವವರಿಂದ ಅಂಥ ಪ್ರಶ್ನೆ ಬರುವುದಿಲ್ಲ.

ಆದ್ದರಿಂದ ಪಾರ್ಕಿನ ಮಿತ್ರರೇ, ನಿಮ್ಮ ಹಾಳೆಯನ್ನು ಸುಡಬೇಡಿ, ತಿದ್ದಿ. ವಯಸ್ಸಿನ ಕಾಲಮ್ಮು ಇರಲಿ, ಆದರೆ ಇಪ್ಪತ್ತರವರಿಗೆ ಅರವತ್ತರವರನ್ನು ಹುಡುಕಲು ಅದನ್ನು ಬಳಸಿ. ಮೆಚ್ಚಿನ ಪಾತ್ರ ಯಾವುದು ಎಂದು ಬರೆಯುವವನನ್ನು ಕೇಳಿ. ಓದುವವನನ್ನು ಮಾತ್ರ, ಯಾವ ಪುಸ್ತಕವನ್ನು ಯಾರಾದರೂ ಮುಟ್ಟಿದರೆ ನಿಮಗೆ ಸಿಟ್ಟು ಬರುತ್ತದೆ ಎಂದು ಕೇಳಿ. ಆ ಪುಸ್ತಕದ ಮೇಲೆ ಬರೆದ ಕಥೆಯನ್ನೇ ಅವನಿಗೆ ಕೊಡಿ. ಟೀಕೆ ಎಷ್ಟು ಕಟುವಾಗಿರಬೇಕು ಎಂಬ ಕಾಲಮ್ಮನ್ನು ಹೊಡೆದುಹಾಕಿ, ಅದೇನು ಸಾಂಬಾರಿನ ಖಾರವೆ? ಓದುವವರು ಬೇಕಾದರೆ ನಮ್ಮ ಬೀದಿಗಳಲ್ಲೇ ಇದ್ದಾರೆ. ನಿವೃತ್ತರಾಗಿ, ಕನ್ನಡಕ ಹಾಕಿಕೊಂಡು, ಯಾರೂ ಏನೂ ಕೇಳಲು ಬರುವುದಿಲ್ಲವಲ್ಲ ಎಂದು ಜಗಲಿಯ ಮೇಲೆ ಕೂತಿದ್ದಾರೆ.

ಎದುರುಮನೆಯ ಹುಡುಗಿ ಮೂರನೆಯ ದಿನ ಕಥೆಯನ್ನು ಮತ್ತೆ ಬಿಚ್ಚಿದಳು. ಬಸ್ಸು ಹೋಯಿತು, ಶೃಂಗೇರಿ ಹೋಯಿತು. ಹುಲಿಯ ಮಾತ್ರ ಹೋಗಲಿಲ್ಲ, ಅಷ್ಟು ಹಟ ಅವಳಿಗೆ. ಈಗ ಅದು ಹೊಳೆಯ ಕೆಳಗೆ ಮಂಡಗದ್ದೆಯ ಹತ್ತಿರ ದಡ ಸೇರುತ್ತದೆ. ಅಲ್ಲಿ ಹುಡುಗನೊಬ್ಬ ಅದನ್ನು ಬೇರೆ ಹೆಸರಿಟ್ಟು ಸಾಕಿಕೊಳ್ಳುತ್ತಾನೆ. ಗುತ್ತಿಗೆ ಕೊನೆಯವರೆಗೂ ಗೊತ್ತಾಗುವುದೇ ಇಲ್ಲ. ಹನ್ನೆರಡು ಪುಟಕ್ಕೆ ಇಳಿದ ಈ ಕಥೆಯನ್ನು ಹಿಡಿದು ಮೊನ್ನೆ ಸಂಜೆ ಒಬ್ಬಳೇ ಕಾಳಿದಾಸ ರಸ್ತೆ ದಾಟಿ ಹೋದಳು. ಅಜ್ಜಿ ಎರಡು ಸಲ ಓದಿದರಂತೆ. ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರಂತೆ:

“ಬೇರೆ ಹೆಸರಿಟ್ಟ ಅಂತ ಬರ್ದಿದೀಯ. ಏನಂತ ಇಟ್ಟ?”

ಹುಡುಗಿ ಅದನ್ನು ಯೋಚಿಸಿರಲಿಲ್ಲ. ಯೋಚಿಸಿಕೊಂಡು ಬರಲು ಭಾನುವಾರದವರೆಗೆ ಗಡುವು ಕೊಟ್ಟಿದ್ದಾರೆ.