ನೀರು ಅಳೆಯೋಣ, ಮಾರುವುದು ಬೇಡ

ವಿದೇಶಕ್ಕೆ ಹೋಗಿ ಬಂದ ರೈತರು ಬರೆದದ್ದನ್ನು ಓದುತ್ತಾ ಬಂದಿದ್ದೇನೆ. ಹೆಚ್ಚಿನವರು ಯಂತ್ರ ನೋಡಿ ಬರುತ್ತಾರೆ. ರಾತ್ರಿಯಿಡೀ ಒಂದೇ ಯಂತ್ರ ದ್ರಾಕ್ಷಿ ಕೊಯ್ಯುತ್ತದೆ, ಒಬ್ಬನೇ ಮನುಷ್ಯ ಸಾವಿರಾರು ಎಕರೆ ಬಿತ್ತುತ್ತಾನೆ ಅಂತ. ನಾನೂ ನೋಡಿದೆ, ಸುಳ್ಳಲ್ಲ. ಆದರೆ ಚಳ್ಳಕೆರೆ ಸೀಮೆಯಲ್ಲಿ ಒಂಬತ್ತು ಎಕರೆ ಬೆದ್ದಲು ಇಟ್ಟುಕೊಂಡು ಶೇಂಗಾ, ತೊಗರಿ, ಸಜ್ಜೆ ಬೆಳೆಯುವ ನನಗೆ ಆ ಯಂತ್ರದಿಂದ ಆಗಬೇಕಾದ್ದು ಏನೂ ಇಲ್ಲ. ನನ್ನ ತಲೆಯಲ್ಲಿ ಕೂತದ್ದು ಅಲ್ಲಿನ ನೀರಿನ ಲೆಕ್ಕ. ಅದರಲ್ಲಿ ಅರ್ಧ ನಾವು ಕಲಿಯಬೇಕಾದ್ದು, ಇನ್ನರ್ಧ ಹತ್ತಿರ ಸೇರಿಸಬಾರದ್ದು. ಅಷ್ಟು ಹೇಳುವುದಕ್ಕೇ ಈ ಬರಹ.

ನನ್ನ ಮಗಳು, ಅಳಿಯ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿದ್ದಾರೆ. 2024ರ ಮಾರ್ಚಿನಲ್ಲಿ ಹೋಗಿದ್ದೆ. ‘ಪೇಟೆ ನೋಡಿದ್ದು ಸಾಕು, ಬೇಸಾಯದ ಊರು ಯಾವುದಾದರೂ ತೋರಿಸಪ್ಪ’ ಎಂದೆ. ಅಳಿಯ ತನ್ನ ಜೊತೆ ಕೆಲಸ ಮಾಡುವವರೊಬ್ಬರ ತಂದೆಯ ತೋಟಕ್ಕೆ ಕರೆದುಕೊಂಡು ಹೋದ. ಪಶ್ಚಿಮಕ್ಕೆ ನಾಲ್ಕು ಗಂಟೆಯ ಕಾರು ದಾರಿ. ಊರು ಗ್ರಿಫಿತ್, ಆ ಸೀಮೆಗೆ ರಿವರೀನಾ ಅಂತಾರೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅತಿ ಹೆಚ್ಚು ವೈನ್ ಆಗುವುದು ಇಲ್ಲೇ. ವೈನ್ ಮುಟ್ಟದ ನನಗೆ ಅದರ ರುಚಿ ಕೇಳಬೇಡಿ.

ಅಲ್ಲಿಯ ಮಳೆ ವರ್ಷಕ್ಕೆ 400 ಮಿ.ಮೀ. ಆಸುಪಾಸು. ನಮ್ಮ ತಾಲ್ಲೂಕಿಗೂ ಅದಕ್ಕೂ ದೊಡ್ಡ ಅಂತರವೇನಿಲ್ಲ. ನಮ್ಮದು ಬಂದರೆ ಹಿಂಗಾರಿನಲ್ಲಿ ಒಟ್ಟಿಗೇ ಬಂದು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದಂತೆ. ಕಾಲುವೆ ದಾಟಿದರೆ ಕೆಂಪು ಮಣ್ಣು, ಕುರಿ, ಗೋಧಿ ಕೊಯ್ದ ಕೂಳೆ. ಖುಷ್ಕಿ ಗೋಧಿಯವರು ಆ ಕೂಳೆಯನ್ನು ಸುಡದೆ, ಉಳದೆ ನೆಲದ ಮೇಲೇ ಬಿಟ್ಟು, ಏಪ್ರಿಲ್–ಮೇನಲ್ಲಿ ಅದರ ನಡುವೆಯೇ ಬಿತ್ತುತ್ತಾರೆ. ತೇವ ಉಳಿಯಲಿ ಅಂತ. ಇದೊಂದನ್ನು ನೋಡಲಾದರೂ ನಮ್ಮ ಕಡೆಯವರು ಹೋಗಬೇಕು. ಆದರೆ ಪ್ರವಾಸದ ಬಸ್ಸು ನಿಲ್ಲುವುದು ದ್ರಾಕ್ಷಿ ತೋಟದ ಮುಂದೆ.

ಇದೆಲ್ಲ ತೋಟವಾದದ್ದು 1912ರಲ್ಲಿ ಕಾಲುವೆ ನೀರು ಬಂದ ಮೇಲೆ. ಮರಂಬಿಜಿ ನದಿಗೆ ಮೇಲ್ಗಡೆ ಬೆಟ್ಟದಲ್ಲಿ ಅಣೆಕಟ್ಟು ಕಟ್ಟಿ ತಂದ ನೀರು. ಊರಿನ ನಕ್ಷೆ ಬರೆದವರು ಕ್ಯಾನ್‌ಬೆರಾಕ್ಕೂ ನಕ್ಷೆ ಬರೆದ ವಾಲ್ಟರ್ ಬರ್ಲಿ ಗ್ರಿಫಿನ್. ಆ ಪುಣ್ಯಾತ್ಮ ತೀರಿಕೊಂಡದ್ದು 1937ರಲ್ಲಿ, ನಮ್ಮ ಲಖನೌದಲ್ಲಿ! ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಇಲ್ಲಿ ತುಂಡು ತುಂಡು ಜಮೀನು ಕೊಟ್ಟರು. ಬಹಳ ಜನ ಸೋತು ಬಿಟ್ಟು ಹೋದರು. ಇಟಲಿಯಿಂದ ಬಂದವರು ಕೊಂಡು ನೆಲೆ ನಿಂತರು. ನೀರು ಹೆಚ್ಚಾಗಿ ನೆಲದೊಳಗಿನ ನೀರು ಮೇಲೆದ್ದು ಹಣ್ಣಿನ ಗಿಡಗಳು ಸತ್ತ ಕಾಲವೂ ಇತ್ತು. ಆಮೇಲೆ ನೆಲದಡಿ ಬಸಿ ಕೊಳವೆ ಹೂತರು. ತುಂಗಭದ್ರಾ ಕಾಲುವೆ ಕೆಳಗೆ ಸವಳು ಜವಳು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾವು ಹೋದ ತೋಟದ ಯಜಮಾನರ ಅಜ್ಜ ಇಟಲಿಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಅಂಗೈ ನನ್ನದಕ್ಕಿಂತ ಒರಟು. ಅಳಿಯ ನಮ್ಮಿಬ್ಬರ ಮಾತನ್ನು ಅತ್ತಿತ್ತ ದಾಟಿಸುತ್ತಿದ್ದ.

ಅಲ್ಲಿ ಪ್ರತಿ ನೀರಾವರಿ ರೈತನಿಗೂ ನೀರಿನ ಖಾತೆ ಇದೆ, ಬ್ಯಾಂಕಿನ ಖಾತೆಯ ಹಾಗೆ. ಅಳತೆ ಮೆಗಾಲೀಟರ್, ಅಂದರೆ ಹತ್ತು ಲಕ್ಷ ಲೀಟರು. ನಮ್ಮ ಲೆಕ್ಕಕ್ಕೆ ತಂದರೆ ಒಂದು ಎಕರೆ ತುಂಬ ಹತ್ತು ಇಂಚು ನೀರು ನಿಲ್ಲಿಸಿದಷ್ಟು. ಜುಲೈ ಒಂದಕ್ಕೆ ನೀರಿನ ವರ್ಷ ಶುರು. ಅಣೆಕಟ್ಟಿನಲ್ಲಿ ಎಷ್ಟಿದೆ ನೋಡಿ ಸರ್ಕಾರ ‘ಈ ವರ್ಷ ನಿಮ್ಮ ಪಾಲಿನಲ್ಲಿ ಶೇಕಡಾ ಇಷ್ಟು’ ಅಂತ ಹೇಳುತ್ತದೆ. ಹಕ್ಕಿನಲ್ಲಿ ಎರಡು ತರ. ದ್ರಾಕ್ಷಿ, ಕಿತ್ತಳೆಯಂಥ ಗಿಡದವರು ಹೆಚ್ಚು ಬೆಲೆ ಕೊಟ್ಟು ಇಟ್ಟುಕೊಳ್ಳುವ ಭದ್ರ ಹಕ್ಕಿಗೆ ಬರದಲ್ಲೂ ಹೆಚ್ಚುಕಮ್ಮಿ ಪೂರ್ತಿ ನೀರು. ಭತ್ತ, ಹತ್ತಿಯವರ ಸಾಮಾನ್ಯ ಹಕ್ಕಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಮರ್ರೆ ನದಿ ಕಡೆ 2018-19ರಲ್ಲಿ ಸಾಮಾನ್ಯ ಹಕ್ಕಿನವರಿಗೆ ಸಿಕ್ಕಿದ್ದು ಸೊನ್ನೆ.

ನೀರು ಬೇಕಾದವರು ಇಂಥ ದಿನ ಇಷ್ಟು ಬೇಕೆಂದು ಫೋನಿನಲ್ಲಿ ತಿಳಿಸುತ್ತಾರೆ. ಸೋಲಾರ್ ಹಲಗೆ ಕೂರಿಸಿದ ತೂಬು ತಾನೇ ಏಳುತ್ತೆ, ತಾನೇ ಇಳಿಯುತ್ತೆ. ಹರಿದಷ್ಟು ಖಾತೆಯಲ್ಲಿ ಕಳೆದುಹೋಗುತ್ತೆ. ‘ಎಕರೆಗೆ ವರ್ಷಕ್ಕೆ ಎಷ್ಟು ಕೊಡ್ತೀರಿ’ ಎಂದು ಕೇಳಿದೆ. ‘ಎರಡರ ಮೇಲೆ ಸ್ವಲ್ಪ’ ಎಂದು ತಟ್ಟನೆ ಹೇಳಿದರು. ನಮ್ಮಲ್ಲಿ ದಾಳಿಂಬೆ, ಅಡಿಕೆಯವರನ್ನು ಇದೇ ಪ್ರಶ್ನೆ ಕೇಳಿ ನೋಡಿ. ‘ಕರೆಂಟು ಇದ್ದಷ್ಟು ಹೊತ್ತು’ ಅನ್ನುತ್ತಾರೆ. ಮೋಟರು ಎಷ್ಟು ಎಚ್.ಪಿ., ಬೋರು ಎಷ್ಟು ಅಡಿ ಅನ್ನುವುದು ಎಲ್ಲರಿಗೂ ಬಾಯಿಪಾಠ. ಮೇಲೆ ಬಂದ ನೀರು ಎಷ್ಟು ಅನ್ನುವುದು ಒಬ್ಬರಿಗೂ ಗೊತ್ತಿಲ್ಲ. ಕೆರೆಗೆ ನೀರಗಂಟಿ ಇದ್ದ ಕಾಲದಲ್ಲಿ ಯಾರ ಗದ್ದೆಗೆ ಯಾವ ಹೊತ್ತು, ಎಷ್ಟು ಹೊತ್ತು ಎನ್ನುವುದು ಊರಿಗೆಲ್ಲ ತಿಳಿದಿತ್ತು. ಅವನು ಹೋದ ಮೇಲೆ ಆ ಲೆಕ್ಕವೂ ಹೋಯಿತು.

ಇಷ್ಟು ನಾವು ಕಲಿಯಬೇಕಾದ ಅರ್ಧ.

ಇನ್ನರ್ಧ ಹೀಗಿದೆ. ಮೊದಲು ಅಲ್ಲಿ ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡಿತ್ತು. 2000ದ ನೀರಿನ ಕಾನೂನು, 2004ರ ರಾಷ್ಟ್ರೀಯ ಒಪ್ಪಂದ ಬಂದ ಮೇಲೆ ಅದನ್ನು ಪೂರ್ತಿ ಬೇರ್ಪಡಿಸಿದರು. ಈಗ ಜಮೀನು ಬೇರೆ, ನೀರು ಬೇರೆ. ಜಮೀನು ಇಟ್ಟುಕೊಂಡು ನೀರು ಮಾರಬಹುದು. ಒಂದು ವರ್ಷದ ಮಟ್ಟಿಗೂ ಮಾರಬಹುದು, ಶಾಶ್ವತವಾಗಿಯೂ ಮಾರಬಹುದು. ಒಂದು ಗುಂಟೆ ನೆಲವಿಲ್ಲದವನೂ ಕೊಂಡಿಡಬಹುದು.

ಇದರಿಂದ ಅನುಕೂಲವೇ ಇಲ್ಲ ಅನ್ನಲಾರೆ. 2019ರ ಬರದಲ್ಲಿ ಒಂದು ಮೆಗಾಲೀಟರಿನ ಬೆಲೆ 700 ಡಾಲರ್ ದಾಟಿತ್ತು. 2024ರ ಲೆಕ್ಕದಲ್ಲಿ ಸುಮಾರು ಮೂವತ್ತೆಂಟು ಸಾವಿರ ರೂಪಾಯಿ. ಭತ್ತ ಬಿತ್ತುವ ಬದಲು ಕೈಯಲ್ಲಿದ್ದ ಚೂರುಪಾರು ನೀರು ಮಾರಿದವರಿಗೆ ಕೂತಲ್ಲೇ ಹಣ ಬಂತು, ಕೊಂಡವರ ಗಿಡ ಉಳಿಯಿತು. ಆದರೆ ಒಳ್ಳೆ ವರ್ಷದಲ್ಲಿ ಐದಾರು ಲಕ್ಷ ಟನ್ ಭತ್ತ ಬೆಳೆಯುವ ದೇಶದಲ್ಲಿ 2020ರ ಸುಗ್ಗಿಗೆ ಸುಮಾರು 45 ಸಾವಿರ ಟನ್ ಬಂತು. ಗದ್ದೆ ಬಿತ್ತದಿದ್ದರೆ ಮಿಲ್ಲಿನವನಿಗೆ, ಟ್ರ್ಯಾಕ್ಟರ್ ರಿಪೇರಿಯವನಿಗೆ, ಲಾರಿಯವನಿಗೆ ಏನು ಗತಿ? ಅವರಿಗೆ ನೀರಿನ ಖಾತೆ ಇರಲಿಲ್ಲವಲ್ಲ.

ಸಾಲಕ್ಕೆ ಸಿಕ್ಕಿ ನೀರನ್ನು ಶಾಶ್ವತವಾಗಿ ಮಾರಿದವರ ಜಮೀನನ್ನು ಯಜಮಾನರು ತೋರಿಸಿದರು. ಕಾಲುವೆ ಪಕ್ಕದಲ್ಲೇ ಹರಿಯುತ್ತಿದೆ, ಜಮೀನು ಬೀಳು. ಹುಳ ಹೊಡೆದ ಕಂಬಳಿಯ ಹಾಗೆ ಅಲ್ಲೊಂದು ತೂತು, ಇಲ್ಲೊಂದು ತೂತು. ಕಾಲುವೆ ದುರಸ್ತಿಯ ಖರ್ಚು ಮಾತ್ರ ಉಳಿದವರ ತಲೆಯ ಮೇಲೆ. ಅಲ್ಲಿನ ಸ್ಪರ್ಧಾ ಆಯೋಗವೇ ಸುಮಾರು ಒಂದೂವರೆ ವರ್ಷ ತನಿಖೆ ಮಾಡಿ 2021ರಲ್ಲಿ ವರದಿ ಕೊಟ್ಟಿತು. ದಲ್ಲಾಳಿಗಳ ಮೇಲೆ ಸರಿಯಾದ ಹಿಡಿತವಿಲ್ಲ, ಬೆಲೆಯ ವಿವರ ಎಲ್ಲರಿಗೂ ಒಂದೇ ತರ ಸಿಗುವುದಿಲ್ಲ ಅಂತ. ಅಷ್ಟು ಓದು, ಅಷ್ಟು ಕಂಪ್ಯೂಟರು ಇರುವ ದೇಶದಲ್ಲಿ ಹೀಗಾದರೆ ನಮ್ಮ ಎ.ಪಿ.ಎಂ.ಸಿ. ಕಟ್ಟೆಯ ಮೇಲೆ ನೀರು ಹರಾಜಿಗೆ ಬಂದರೆ ಏನಾದೀತು, ಈರುಳ್ಳಿ ಮಾರಿದವರು ಊಹಿಸಿಕೊಳ್ಳಿ.

ನದಿಯದೂ ಒಂದು ಪಾಲು ಬೇಕು. 2012ರಲ್ಲಿ ಇಡೀ ಮರ್ರೆ–ಡಾರ್ಲಿಂಗ್ ಕೊಳ್ಳಕ್ಕೆ ಯೋಜನೆ ಮಾಡಿ ನದಿಗಾಗಿ ನೀರು ಹಿಂದಕ್ಕೆ ಪಡೆಯತೊಡಗಿದರು. ಬಹಳಷ್ಟನ್ನು ಸರ್ಕಾರವೇ ರೈತರಿಂದ ಕೊಂಡಿತು. ಅದರ ಕರಡು ಬಂದಾಗಲೇ, 2010ರ ಅಕ್ಟೋಬರಿನಲ್ಲಿ, ಇದೇ ಗ್ರಿಫಿತ್‌ನಲ್ಲಿ ರೈತರು ಪ್ರತಿಗಳಿಗೆ ಬೆಂಕಿ ಹಚ್ಚಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 2018ರ ಡಿಸೆಂಬರಿನಿಂದ ಡಾರ್ಲಿಂಗ್ ನದಿಯಲ್ಲಿ, ಮೆನಿಂಡಿ ಎಂಬಲ್ಲಿ, ಲಕ್ಷಗಟ್ಟಲೆ ಮೀನು ಸತ್ತು ತೇಲಿದವು. ನದಿಗೆ ಮೊದಲೇ ಪಾಲು ಇಟ್ಟು ಆಮೇಲೆ ಹಂಚಿದ್ದರೆ ಈಗ ದುಡ್ಡು ಕೊಟ್ಟು ವಾಪಸು ಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಇನ್ನು ಆ ನೆಲದ ಮೂಲದವರು, ವಿರಾಡ್ಜುರಿ ಜನ. ಮೂಲನಿವಾಸಿಗಳಿಗೆ ಅಲ್ಪಸ್ವಲ್ಪ ಭೂಮಿ ವಾಪಸು ಸಿಕ್ಕಿದ ಕಡೆಯಲ್ಲೂ ನೀರು ಸಿಗಲಿಲ್ಲ, ಯಾಕೆಂದರೆ ನೀರು ಈಗ ಭೂಮಿಯ ಜೊತೆ ಬರುವುದಿಲ್ಲ.

ನೀರು ಭದ್ರವಾಗಿದ್ದ ದ್ರಾಕ್ಷಿಯವರಾದರೂ ಸುಖವಾಗಿದ್ದಾರೆಯೇ? ನಾವು ಹೋದಾಗ ಸುಗ್ಗಿಯ ಕಾಲ. ಒಂದು ಕಡೆ ಯಂತ್ರ ಕೊಯ್ಯುತ್ತಿದೆ, ಇನ್ನೊಂದು ಕಡೆ ಬಳ್ಳಿಗಳನ್ನು ಬುಡಸಮೇತ ಕಿತ್ತು ರಾಶಿ ಹಾಕಿದ್ದಾರೆ, ಸುಡಲಿಕ್ಕೆ. ಕೆಂಪು ವೈನಿಗೆ ಚೀನಾದಲ್ಲಿ ಒಳ್ಳೆ ಗಿರಾಕಿ ಇತ್ತು, ಎಲ್ಲರೂ ಕೆಂಪು ದ್ರಾಕ್ಷಿಯನ್ನೇ ನೆಟ್ಟರು. 2020ರ ನವೆಂಬರಿನಲ್ಲಿ ಚೀನಾ ಸುಂಕ ಹಾಕಿತು, ಶೇಕಡಾ ಇನ್ನೂರು ದಾಟುವವರೆಗೂ. 2020ರಲ್ಲಿ ಟನ್ನಿಗೆ 650 ಡಾಲರಿನ ಮೇಲಿದ್ದ ದರ 2023ರಲ್ಲಿ 300ರ ಹತ್ತಿರಕ್ಕೆ ಬಿತ್ತು. ಕಿಲೋಗೆ ನಮ್ಮ ಹದಿನಾರು ಹದಿನೇಳು ರೂಪಾಯಿ. 2024ರ ಮಾರ್ಚಿನ ಕೊನೆಗೆ ಸುಂಕ ತೆಗೆದರು, ಆದರೆ ಪೀಪಾಯಿಗಳು ಅಷ್ಟರಲ್ಲಿ ತುಂಬಿ ಹೋಗಿದ್ದವು. ದರ ತಡವಾಗಿ ಹೇಳುವುದು, ಹಣ ತಿಂಗಳುಗಟ್ಟಲೆ ಎಳೆಯುವುದು, ಗುಣಮಟ್ಟವನ್ನು ಕೊಳ್ಳುವವನೇ ತೀರ್ಮಾನಿಸುವುದು ಎಂದು ಅದೇ ಆಯೋಗ 2019ರಲ್ಲೇ ದ್ರಾಕ್ಷಿ ಮಾರಾಟದ ಬಗ್ಗೆಯೂ ಬರೆದಿತ್ತು. ‘ನೀರಿನ ಬಿಲ್ಲು, ಕೊಯ್ಲಿನ ಕೂಲಿ ಕೊಟ್ಟರೆ ನನಗೆ ಉಳಿಯುವುದು ಎಲೆ ಮಾತ್ರ’ ಎಂದು ಯಜಮಾನರು ನಕ್ಕರು. ಐವತ್ತು ಎಕರೆಯವರು. ಅಲ್ಲಿ ಅದು ಸಣ್ಣ ಹಿಡುವಳಿ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಾನು ವಿಮಾನ ಹತ್ತಿದ ಆ ಬೇಸಿಗೆಯಲ್ಲೇ, 2023ರ ಬರದ ಬೆನ್ನಿಗೆ, ನಮ್ಮ ಕಡೆ ಅಡಿಕೆ ಗಿಡಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಒಬ್ಬನ ಬೋರಿನ ನೀರು ಇನ್ನೊಬ್ಬನ ತೋಟಕ್ಕೆ, ದುಡ್ಡಿಗೆ. ಅಂದರೆ ನೀರಿನ ಸಂತೆ ಆಗಲೇ ಶುರುವಾಗಿದೆ, ಅಳತೆ ಮಾತ್ರ ಬಂದಿಲ್ಲ. ಅವರಲ್ಲಿ ಅಳತೆಯಾದರೂ ಇದೆ. ಭದ್ರಾ ಮೇಲ್ದಂಡೆ ನೀರು ಬರುತ್ತದೆ ಅಂತ ಕೆಲಸ ಮುಗಿಯುವ ಮುಂಚೆಯೇ ಬೆದ್ದಲಿನಲ್ಲಿ ಅಡಿಕೆ ನೆಡುತ್ತಿದ್ದಾರೆ. ಆ ಯೋಜನೆ ಇರುವುದು ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ, ಅದೂ ಹನಿ ಮತ್ತು ತುಂತುರು ಲೆಕ್ಕದಲ್ಲಿ. ಮೇಲಿನವರು ಅಡಿಕೆಗೆ ಹಾಯಿಸಿಕೊಂಡರೆ ಕೊನೆಯ ಹಳ್ಳಿಯ ಶೇಂಗಾಕ್ಕೆ ಏನು ಸಿಗುತ್ತದೆ?

ನೀರು ಬರುವ ಮೊದಲೇ ಊರೂರಲ್ಲಿ ಕೂತು ಮೂರು ಮಾತು ಬರೆಸಿಕೊಳ್ಳಬೇಕು ಅಂತ ನನ್ನ ವಾದ. ಪ್ರತಿ ತೂಬಿಗೂ ಮೀಟರು. ನೀರು ಜಮೀನು ಬಿಟ್ಟು ಹೋಗಬಾರದು, ಬೇಡದವನ ಪಾಲು ಅದೇ ಊರಿನ ಸರದಿಗೆ ಸೇರಬೇಕು. ಮೂವತ್ತು ವರ್ಷ ನಿಲ್ಲುವ ಗಿಡಕ್ಕೆ ಒಂದು ಹಿಡುವಳಿಯಲ್ಲಿ ಇಷ್ಟೇ ಎಂದು ಮಿತಿ. ಮೂರನೆಯದಕ್ಕೆ ಜಗಳ ಆಗುತ್ತದೆ ಅಂತ ಗೊತ್ತು. ನಮ್ಮೂರಲ್ಲಿ ಈಗಾಗಲೇ ಆಗಿದೆ, ನನ್ನ ಷಡ್ಡಕನೇ ಎದ್ದು ಹೋದ.

ಬೋರಿಗೆ ನೀರಿನ ಮೀಟರು ಹಾಕಿಸಿ ಲೆಕ್ಕ ಬರೆದಿಟ್ಟ ರೈತರು ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಮೀಟರಿಗೆ ಎಷ್ಟು ಬಿತ್ತು, ಎಕರೆಗೆ ತಿಂಗಳಿಗೆ ಎಷ್ಟು ನೀರು ಹೋಯಿತು, ಯಾವ ಬೆಳೆಗೆ. ನಾನೂ ಈ ಬೇಸಿಗೆಯಲ್ಲಿ ನಮ್ಮ ಬೀದಿಯ ಎರಡು ಬೋರಿಗೆ ಡ್ರಮ್ಮು ಇಟ್ಟು ಗಡಿಯಾರ ಹಿಡಿದು ಅಳೆಯುವುದಕ್ಕೆ ಹುಡುಗರನ್ನು ಒಪ್ಪಿಸಿದ್ದೇನೆ.